ಬಾಯಂಚಿನ ಕೆಳಗೆ ಇಣುಕಿದ ಬೆಳಕು

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಸೀಮೆಯ, ದೊಡ್ಡ ಕಲ್ಲುಗಳ ಸಮಾಧಿ ಕಟ್ಟುತ್ತಿದ್ದ ಬೃಹತ್ ಶಿಲಾಯುಗದ ಕಪ್ಪು-ಕೆಂಪು ಮಡಕೆಗಳನ್ನು ಆಕಾರದ ಅಳತೆ ಹಾಗೂ ಕಂಪ್ಯೂಟರ್ ಲೆಕ್ಕಾಚಾರದಿಂದ ವರ್ಗೀಕರಿಸುವ ನನ್ನ ಮಹಾಪ್ರಬಂಧಕ್ಕೆ ಕಳೆದ ವಾರ ಪದವಿ ದೊರೆಯಿತು. ಈ ಆರು ವರ್ಷಗಳ ಕಥೆ ನಿಮಗೆಲ್ಲ ಗೊತ್ತಿರುವುದರಿಂದ ಅದನ್ನು ಮತ್ತೆ ಬರೆಯುವುದಿಲ್ಲ. ಮಾರ್ಗದರ್ಶಕರಿಗೆ, ಉಗ್ರಾಣದ ಬೀಗದ ಕೈಯನ್ನು ನಂಬಿ ಕೊಟ್ಟ ಸಿಬ್ಬಂದಿಗೆ, ಪ್ರೋಗ್ರಾಂ ಬರೆಯಲು ಕಲಿಸಿದ ಗೆಳತಿಗೆ, ಅಮ್ಮನನ್ನು ನೋಡಿಕೊಂಡ ಅಕ್ಕ-ಭಾವನಿಗೆ ನಾನು ಋಣಿ.

ಉಳಿದ ಮಾತೆಲ್ಲ ನಾವು ರಾಯರು ಎಂದೇ ಕರೆಯುವ ನಿವೃತ್ತ ಡ್ರಾಫ್ಟ್ಸ್‌ಮನ್ (ನಕ್ಷೆಗಾರ) ಅವರಿಗೆ ಸಲ್ಲಬೇಕು.

1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದಾಗ ಮಡಕೆಗಳ ಬಗೆಗಳನ್ನು ನಿರ್ಧರಿಸಿದ್ದು ಅನುಭವಿಗಳ ಕಣ್ಣು. ಇಸ್ರೇಲಿನ ಪುರಾತತ್ವಜ್ಞೆ ಗಿಲ್ಬೋವಾ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಮಡಕೆಯ ಸೀಳುನೋಟದ (ಮೇಲಿನಿಂದ ಕೆಳಕ್ಕೆ ಸೀಳಿದರೆ ಕಾಣುವ) ಗೆರೆ ಪ್ರತಿ ಬಿಂದುವಿನಲ್ಲೂ ನಡು ಅಕ್ಷದಿಂದ ಎಷ್ಟು ದೂರವಿದೆ, ಯಾವ ದಿಕ್ಕಿಗೆ ವಾಲಿದೆ, ಎಷ್ಟು ಬಾಗಿದೆ ಎಂಬುದನ್ನು ಲೆಕ್ಕ ಹಾಕಿ, ಎರಡು ಮಡಕೆಗಳ ಆಕಾರದ ನಡುವಿನ ಅಂತರವನ್ನು ಸಂಖ್ಯೆಯಲ್ಲಿ ಹೇಳಬಹುದು. ನಾನು ಹಿಡಿದದ್ದು ಈ ದಾರಿಯನ್ನೇ. ಆದರೆ ಬಾಗನ್ನು ಬಿಟ್ಟರೆ ಉಳಿದ ಎರಡು ಅಳತೆಗಳೂ ಕೈಯಲ್ಲಿರುವ ಒಡೆದ ಮಡಕೆಯ ಚೂರನ್ನು ನಾವು ಯಾವ ಓರೆಯಲ್ಲಿ ನಿಲ್ಲಿಸುತ್ತೇವೆ ಎಂಬುದನ್ನು ಅವಲಂಬಿಸಿವೆ. ಸ್ವಲ್ಪ ಹೊರಗೆ ವಾಲಿಸಿದರೆ ಬಟ್ಟಲೇ ತಟ್ಟೆಯಾಗಿಬಿಡುತ್ತದೆ.

ಪ್ರಬಂಧ ಸಲ್ಲಿಸಲು ಹದಿನೈದು ದಿನಗಳಿದ್ದಾಗ ಕಂಪ್ಯೂಟರ್ ನನ್ನ ಬಟ್ಟಲುಗಳನ್ನು ಎರಡು ಸ್ಪಷ್ಟ ಗುಂಪುಗಳಾಗಿ ಬೇರ್ಪಡಿಸಿತು. ಒಂದಿಡೀ ಸಂಜೆ ನಾನು ಸಂತೋಷಪಟ್ಟೆ. ಆಮೇಲೆ ಅಳತೆಯ ದಿನಾಂಕಗಳನ್ನು ಪಕ್ಕದಲ್ಲಿಟ್ಟು ನೋಡಿದರೆ, ಒಂದು ಗುಂಪಿನಲ್ಲಿದ್ದವು ಮೊದಲ ವರ್ಷ ನಾನು ಕಣ್ಣಂದಾಜಿನಲ್ಲಿ ನಿಲ್ಲಿಸಿ ಅಳೆದ ಚೂರುಗಳು, ಇನ್ನೊಂದರಲ್ಲಿದ್ದವು ಕೈ ಪಳಗಿದ ಮೇಲಿನವು. ಕಂಪ್ಯೂಟರ್ ಕಂಡುಹಿಡಿದದ್ದು ಪ್ರಾಚೀನ ಕುಂಬಾರರ ಎರಡು ಪದ್ಧತಿಗಳನ್ನಲ್ಲ, ನನ್ನ ತಪ್ಪನ್ನು.

ಅಪ್ಪ ಹೋಗಿ ಆಗ ಮೂರು ತಿಂಗಳೂ ಆಗಿರಲಿಲ್ಲ. ಬಿಟ್ಟುಬಿಡುತ್ತೇನೆ ಎಂದು ಹೇಳುವುದಕ್ಕಷ್ಟೇ ನಾನು ರಾಯರಿಗೆ ಫೋನ್ ಮಾಡಿದ್ದು. ಅವರು ಕೊನೆಯ ಬಸ್ಸು ಹಿಡಿದು ಬಂದರು. ಚೀಲದಲ್ಲಿ ಒಂದು ಗಾಜಿನ ಹಲಗೆ ಮತ್ತು ಟಾರ್ಚು ಇದ್ದವು. "ಅಳುವುದಿದ್ದರೆ ಈಗಲೇ ಅತ್ತುಬಿಡಮ್ಮ, ಆಮೇಲೆ ಕೈ ನಡುಗಬಾರದು" ಎಂದರು. ನಾನು ಅತ್ತೆ. ಅಷ್ಟು ಹೊತ್ತೂ ಅವರು ಚೂರುಗಳನ್ನು ಸಂಖ್ಯೆಯ ಕ್ರಮದಲ್ಲಿ ಜೋಡಿಸುತ್ತ ಕುಳಿತಿದ್ದರು.

ಬಾಯಂಚನ್ನು ಗಾಜಿನ ಮೇಲೆ ಬೋರಲಿಟ್ಟು, ಹಿಂದಿನಿಂದ ಟಾರ್ಚು ಹಿಡಿದು, ಅಂಚಿಗೂ ಗಾಜಿಗೂ ನಡುವೆ ಬೆಳಕು ಎಲ್ಲಿಯೂ ಇಣುಕದವರೆಗೆ ಚೂರನ್ನು ಹಿಂದಕ್ಕೂ ಮುಂದಕ್ಕೂ ವಾಲಿಸುತ್ತಿದ್ದರು. ಬೆಳಕು ಮುಚ್ಚಿದ ಆ ನಿಲುವೇ ಮಡಕೆಯ ನಿಜವಾದ ನಿಲುವು. ಬೆಳಗಾಗುವಷ್ಟರಲ್ಲಿ ಮುಗಿದದ್ದು 41 ಚೂರುಗಳು ಮಾತ್ರ. ಉಳಿದವಕ್ಕೆ ಇನ್ನೂ ಹನ್ನೊಂದು ದಿನ ಅವರು ಬಂದರು, ಒಂದು ದಿನವೂ ತಡಮಾಡಲಿಲ್ಲ.

ಹೊಸ ಅಳತೆಗಳಲ್ಲಿ ಆ ಎರಡು ಗುಂಪುಗಳು ಕರಗಿಹೋದವು. ಆಳದ ಬಟ್ಟಲಿನಿಂದ ಅಗಲ ಬಟ್ಟಲಿಗೆ ಮೆಲ್ಲಗೆ ಸಾಗುವ ಒಂದು ಸಾಲಷ್ಟೇ ಉಳಿಯಿತು. ಪ್ರಬಂಧದಲ್ಲಿ ನಾನು ಹೇಳಿರುವುದೂ ಅಷ್ಟನ್ನೇ, ಪೂರ್ಣ ನಂಬಿಕೆಯಿಂದ.

ಅಳತೆಗಳ ಕಡತವನ್ನು ಕೇಳಿದವರಿಗೆಲ್ಲ ಕೊಡುತ್ತೇನೆ. ಅದರಲ್ಲಿ "ನಿಲುವು ನೋಡಿದವರು" ಎಂಬ ಹೊಸ ಅಂಕಣವೊಂದಿದ್ದು, ಆ ಹನ್ನೆರಡು ದಿನಗಳ ಪ್ರತಿ ಸಾಲಿನಲ್ಲೂ ರಾಯರ ಹೆಸರಿದೆ.