‘ಇನ್ನೂ ಬೇಡ’ ಅಂದವರಿಗೆಲ್ಲ ಥ್ಯಾಂಕ್ಸ್

ಮೊನ್ನೆ ಶನಿವಾರ ಪಾಂಡವಪುರ ಕಡೆಯ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯಲ್ಲಿ ನಾನು ಮತ್ತೆ ರೈಡಿಗೆ ಇಳಿದೆ. ಎಡ ಮಂಡಿಯ ಎಸಿಎಲ್ ಆಪರೇಷನ್ ಆದ ಮೇಲೆ ಇದೇ ಮೊದಲು. ಎಸಿಎಲ್ ಅಂದರೆ ಮಂಡಿಯೊಳಗೆ ಮೇಲಿನ ಮೂಳೆ, ಕೆಳಗಿನ ಮೂಳೆ ಎರಡನ್ನೂ ಹಿಡಿದಿಡುವ ಒಂದು ಲಿಗಮೆಂಟ್, ಗಟ್ಟಿ ನಾರಿನ ಪಟ್ಟಿ. ಮೊದಲರ್ಧ ಮಾತ್ರ ಆಡಿಸಿದರು. ಒಂದಿಷ್ಟು ಪಾಯಿಂಟ್ ಬಂತು, ಒಂದು ಸಲ ಚೆನ್ನಾಗಿ ಸಿಕ್ಕಿಹಾಕಿಕೊಂಡೆ. ಎದ್ದು ನಿಂತಾಗ ತಂಡದಲ್ಲಿ ಯಾರೂ ನನ್ನ ಮುಖ ನೋಡುತ್ತಿರಲಿಲ್ಲ, ಎಲ್ಲರೂ ಮಂಡಿ ನೋಡುತ್ತಿದ್ದರು. ಮಂಡಿ ಚೆನ್ನಾಗಿದೆ. ಫೋನ್ ಮಾಡಿ ಕೇಳಿದವರಿಗೆಲ್ಲ ಇಲ್ಲೇ ಒಟ್ಟಿಗೆ ಹೇಳಿಬಿಡುತ್ತೇನೆ.

ಮೊದಲ ಥ್ಯಾಂಕ್ಸ್ ನಮ್ಮ ಕ್ಯಾಪ್ಟನ್ ಅಕ್ಕನಿಗೆ. ಅವತ್ತು ರೈಡ್ ಮುಗಿಸಿ ಮಧ್ಯಗೆರೆ ಕಡೆ ತಿರುಗುವಾಗ ಪಾದ ಮ್ಯಾಟಿಗೆ ಕಚ್ಚಿಕೊಂಡಿತು, ಮೈ ತಿರುಗಿತು, ಮಂಡಿ ಒಳಕ್ಕೆ ಬಾಗಿತು. ಯಾರೂ ನನ್ನನ್ನು ಮುಟ್ಟಿರಲಿಲ್ಲ. ಈ ಲಿಗಮೆಂಟ್ ಜಾಸ್ತಿ ಹರಿಯುವುದು ಹೀಗೇ ಅಂತೆ. ಒಳಗೆ ‘ಟಕ್’ ಅಂದದ್ದು ನನಗೇ ಕೇಳಿಸಿತು. ‘ಕಾಲು ಹಿಡಿದು ಎಳೀರಿ, ಸರಿಹೋಗುತ್ತೆ’ ಅಂತ ಸುತ್ತ ನಿಂತವರೆಲ್ಲ ಸಲಹೆ ಕೊಟ್ಟರು. ಅಕ್ಕ ಅಡ್ಡ ಕೂತು ಯಾರಿಗೂ ಮುಟ್ಟಲು ಬಿಡಲಿಲ್ಲ. ಹೊರಗಿದ್ದ ಕಬ್ಬಿನ ಹಾಲಿನ ಅಂಗಡಿಯಣ್ಣ ಐಸ್ ಒಡೆದು ತಮ್ಮ ಹೆಗಲ ಟವೆಲಿನಲ್ಲೇ ಸುತ್ತಿ ಕೊಟ್ಟರು. ಆ ಟವೆಲ್ ಇನ್ನೂ ನಮ್ಮನೆಯಲ್ಲೇ ಇದೆ ಅಣ್ಣ, ಒಗೆದಿಟ್ಟಿದ್ದೇನೆ.

ಮನೆಯಲ್ಲಿ ಅಜ್ಜಿ ಹರಳೆಣ್ಣೆ ಬಿಸಿ ಮಾಡಿಕೊಂಡು ಕಾದಿದ್ದಳು. ಆಗ ತಾನೇ ಊದಿದ ಮಂಡಿಯನ್ನು ತಿಕ್ಕಿದರೆ ಒಳಗಿನ ರಕ್ತ, ಊತ ಎರಡೂ ಜಾಸ್ತಿಯಾಗುತ್ತೆ ಅಂತ ಅಕ್ಕ ಬಿಡಿಸಿ ಹೇಳಿದಳು. ಅಜ್ಜಿ ಎಣ್ಣೆ ದಂಡ ಮಾಡುವವಳಲ್ಲ. ನನ್ನ ತಲೆಗೆ ಹಾಕಿದಳು.

ಮೊದಲು ತೋರಿಸಿದ ಕಡೆ ಎಕ್ಸ್‌ರೇ ನೋಡಿ ‘ಮೂಳೆಗೇನೂ ಆಗಿಲ್ಲ, ಎರಡು ವಾರ ರೆಸ್ಟ್’ ಅಂದರು. ಮೂಳೆಗೇನೂ ಆಗಿರಲಿಲ್ಲ, ಅದು ನಿಜ. ಆದರೆ ಲಿಗಮೆಂಟ್ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ನಮ್ಮ ಪಿಟಿ ಮೇಷ್ಟ್ರು ಸುಮ್ಮನಾಗಲಿಲ್ಲ. ‘ಸದ್ದು ಬಂದು, ಒಂದೆರಡು ಗಂಟೆಯಲ್ಲೇ ಊದಿದೆ ಅಂದ್ರೆ ಎಸಿಎಲ್ ಅಂತ ಅನುಮಾನ ಪಡಬೇಕಮ್ಮ’ ಅಂತ ಮೈಸೂರಿಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರ್ ಮಂಡಿ ಸ್ವಲ್ಪ ಮಡಚಿಸಿ, ಕೆಳಗಿನ ಮೂಳೆಯನ್ನು ಮುಂದಕ್ಕೆ ಜಗ್ಗಿ ನೋಡಿದರು. ಎಂಆರ್‌ಐಯಲ್ಲಿ ಗೊತ್ತಾಗುವ ಮೊದಲೇ ಅವರ ಮುಖದಲ್ಲಿ ಗೊತ್ತಾಯಿತು.

ಅವರಿಗೂ ಥ್ಯಾಂಕ್ಸ್, ಆಪರೇಷನ್ ಮಾಡಿದ್ದಕ್ಕಿಂತ ಅವಸರ ಮಾಡದೇ ಇದ್ದದ್ದಕ್ಕೆ. ಎಲ್ಲರಿಗೂ ಆಪರೇಷನ್ ಬೇಕಾಗಲ್ಲ, ವ್ಯಾಯಾಮದಲ್ಲೇ ಸಾಗಿಸುವವರೂ ಇದ್ದಾರೆ ಅಂತ ನೇರವಾಗಿ ಹೇಳಿದರು. ಗಕ್ಕನೆ ನಿಂತು ತಿರುಗುವ ಕಬಡ್ಡಿಯೇ ಬೇಕು ಅಂದಾಗ ಒಪ್ಪಿದರು. ಅದೂ ಊತ ಇಳಿದು ಮಂಡಿ ಪೂರ್ತಿ ನೆಟ್ಟಗಾದ ಮೇಲೆ. ಖರ್ಚಿಗೆ ಊರಿನ ಹುಡುಗರು ಗಣೇಶನ ಹಬ್ಬದ ಚಂದಾದಲ್ಲಿ ಉಳಿದಿದ್ದ ದುಡ್ಡನ್ನೂ ಸೇರಿಸಿದರು. ಆ ಋಣ ನನಗೆ ನೆನಪಿದೆ.

ಇನ್ನು ಫಿಸಿಯೋ ಮೇಡಂ. ಇವರ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ಮೊದಲ ದಿನ ಟವೆಲ್ ಸುರುಳಿಯನ್ನು ಹಿಮ್ಮಡಿ ಕೆಳಗಿಟ್ಟು, ಮಂಡಿಯನ್ನು ಕೆಳಕ್ಕೆ ಒತ್ತು ಅಂದರು. ಅಷ್ಟೇ ಕೆಲಸ. ನನ್ನ ತೊಡೆ ಸ್ನಾಯು ಅದುರಿತೇ ಹೊರತು ಬಿಗಿಯಲಿಲ್ಲ. ದರ್ಜಿ ಟೇಪ್ ತಗೊಂಡು, ಮಂಡಿಚಿಪ್ಪಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ ಎರಡೂ ತೊಡೆ ಅಳೆಯುತ್ತಿದ್ದರು. ಎಡಗಡೆಯದು ಯಾರದ್ದೋ ಬೇರೆಯವರ ತೊಡೆಯ ಹಾಗಿತ್ತು. ಮನೆಯಲ್ಲಿ ಮಾಡುವುದಕ್ಕೆ ಕಾಲಿಗೆ ಕಟ್ಟುವ ತೂಕ ಬೇಕಿತ್ತು. ಅವ್ವ ಹಳೇ ಸೀರೆ ಹರಿದು ಚೀಲ ಹೊಲಿದಳು. ಅಪ್ಪ ಅದಕ್ಕೆ ಮರಳು ತುಂಬಿ, ಆಲೆಮನೆ ತಕ್ಕಡಿಯಲ್ಲಿ ಬೆಲ್ಲ ತೂಗುವಷ್ಟೇ ನಿಯತ್ತಾಗಿ ತೂಗಿ ಕೊಟ್ಟರು.

ನಾಲ್ಕನೇ ತಿಂಗಳ ಹೊತ್ತಿಗೆ ನೋವಿಲ್ಲ, ಊತವಿಲ್ಲ, ಮೆಟ್ಟಿಲು ಹತ್ತುತ್ತೇನೆ. ಆಡಲಾ ಮೇಡಂ? ‘ಇನ್ನೂ ಬೇಡ.’ ಯಾಕೆ ಅಂತ ಅವರು ಹೇಳಿದ್ದನ್ನು ಎಲ್ಲ ಆಟಗಾರರೂ ಕೇಳಬೇಕು. ಹರಿದ ಲಿಗಮೆಂಟಿನ ಜಾಗದಲ್ಲಿ ಕೂರಿಸಿದ್ದು ನನ್ನದೇ ಹಿಂತೊಡೆಯಿಂದ ತೆಗೆದ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಸೇರಿಸುವ ನಾರು. ಕಿತ್ತು ನೆಟ್ಟ ಪೈರಿನ ಹಾಗೆ ಅದು ಮೊದಲು ಸೊರಗುತ್ತೆ. ರಕ್ತದ ಸಂಪರ್ಕ ತಪ್ಪಿರುವುದರಿಂದ ಮೊದಲ ಕೆಲವು ತಿಂಗಳು ಇನ್ನೂ ಬಲ ಕಳೆದುಕೊಳ್ಳುತ್ತೆ. ಆಮೇಲೆ ಹೊಸ ರಕ್ತನಾಳ ಹುಟ್ಟಿ, ನಿಧಾನಕ್ಕೆ ಲಿಗಮೆಂಟಿನ ಗುಣ ಬರುತ್ತೆ. ಅದಕ್ಕೆ ತಿಂಗಳುಗಟ್ಟಲೆ ಬೇಕು. ಹುಡುಗರು ಮತ್ತೆ ಹರಿದುಕೊಂಡು ಬರುವುದು ಈ ‘ಎಲ್ಲ ಸರಿಯಾಯ್ತು’ ಅನ್ನಿಸುವ ಕಾಲದಲ್ಲೇ ಅಂದರು. 2016ರಲ್ಲಿ ಪ್ರಕಟವಾದ ನಾರ್ವೆ ಮತ್ತು ಅಮೆರಿಕದವರ ಒಂದು ಅಧ್ಯಯನದ ಬಗ್ಗೆಯೂ ಹೇಳಿದರು. ಅದರ ಪ್ರಕಾರ ಆಪರೇಷನ್ ಆಗಿ 9 ತಿಂಗಳವರೆಗೆ, ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಷ್ಟೂ ಮಂಡಿಗೆ ಮತ್ತೆ ಪೆಟ್ಟಾಗುವ ಸಾಧ್ಯತೆ ಹೆಚ್ಚೂಕಮ್ಮಿ ಅರ್ಧಕ್ಕೆ ಇಳಿಯುತ್ತಾ ಬಂತು. ಆಮೇಲೂ ಬರೀ ಕ್ಯಾಲೆಂಡರ್ ನೋಡಿ ಬಿಡಲಿಲ್ಲ. ಒಂಟಿ ಕಾಲಲ್ಲಿ ನೆಗೆಸಿ ದೂರ ಅಳೆದರು. ಎಡಗಾಲು ಬಲಗಾಲಿನ ಶೇ 90ರಷ್ಟಾದರೂ ಮುಟ್ಟುವವರೆಗೆ ಮ್ಯಾಟ್ ಹತ್ತಿಸಲಿಲ್ಲ.

ಅಪ್ಪನದು ಬೇರೆ ಔಷಧಿ. ನಾನು ಮುಖ ಸಪ್ಪೆ ಮಾಡಿಕೊಂಡಾಗಲೆಲ್ಲ ಜಾವಗಲ್ ಶ್ರೀನಾಥ್ ಕತೆ. ‘ನಮ್ಮ ಮೈಸೂರಿನವರು ಕಣವ್ವ. 1997ರಲ್ಲಿ ಭುಜ ಕೆಟ್ಟು ಎಷ್ಟು ತಿಂಗಳು ಆಚೆ ಕೂತಿದ್ರು! 1999ರಲ್ಲಿ ಕಲ್ಕತ್ತಾದಲ್ಲಿ ಪಾಕಿಸ್ತಾನದ ಮೇಲೆ ಒಂದೇ ಟೆಸ್ಟಲ್ಲಿ 13 ವಿಕೆಟ್ ತೆಗೆದ್ರು.’ ಆ ಟೆಸ್ಟ್ ನಾವು ಸೋತೆವು ಅನ್ನುವುದನ್ನು ಅಪ್ಪ ಯಾವತ್ತೂ ಹೇಳಲಿಲ್ಲ. ನಾನೇ ಹುಡುಕಿ ತಿಳಿದುಕೊಂಡೆ.

ನನ್ನ ಮಂಡಿಯಿಂದ ತಂಡಕ್ಕೂ ಒಂದು ಲಾಭವಾಯಿತು. ಇದೇ ಥರ ನಿಂತು ತಿರುಗುವ ಆಟಗಳಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಎಸಿಎಲ್ ಹರಿಯುವ ಅಪಾಯ ಜಾಸ್ತಿ. ಅದನ್ನು ಕೇಳಿದ ಮೇಷ್ಟ್ರು ವಾರ್ಮ್ ಅಪ್ ಪೂರ್ತಿ ಬದಲಾಯಿಸಿದರು. ಮೊದಲು ಎರಡು ಸುತ್ತು ಓಡಿ, ಕೈಕಾಲು ಆಡಿಸಿ, ಆಟಕ್ಕೆ ಇಳಿಯುತ್ತಿದ್ದೆವು. ಈಗ ಫುಟ್‌ಬಾಲಿನವರು 2006ರಲ್ಲಿ ರೂಪಿಸಿದ ‘ಫಿಫಾ 11 ಪ್ಲಸ್’ ಕಸರತ್ತನ್ನೇ ನಮಗೆ ಬೇಕಾದ ಹಾಗೆ ಒಗ್ಗಿಸಿಕೊಂಡಿದ್ದೇವೆ. 20 ನಿಮಿಷದ ಕೆಲಸ. ನಾರ್ವೆಯಲ್ಲಿ 13ರಿಂದ 17 ವರ್ಷದ ಹುಡುಗಿಯರ ತಂಡಗಳಲ್ಲಿ ಇದನ್ನು ಮಾಡಿಸಿ ನೋಡಿದಾಗ ಒಟ್ಟು ಗಾಯಗಳು ಮೂರರಲ್ಲೊಂದು ಪಾಲು ಕಡಿಮೆಯಾಗಿದ್ದವು. ನೆಗೆದು ಇಳಿಯುವಾಗ ಮಂಡಿ ಒಳಕ್ಕೆ ವಾಲದೆ ಪಾದದ ನೇರಕ್ಕೇ ಇರಬೇಕು. ಇದೊಂದನ್ನು ಮೇಷ್ಟ್ರು ಕೂಗಿ ಕೂಗಿ ಅವರ ಗಂಟಲೇ ಕೆಟ್ಟಿದೆ. ಇನ್ನೊಂದು ಕಸರತ್ತಿನಲ್ಲಿ ಮಂಡಿಯೂರಿ ನೆಟ್ಟಗೆ ಕೂತು, ನಿಧಾನಕ್ಕೆ ಮುಂದಕ್ಕೆ ಬಾಗಬೇಕು. ಹಿಂತೊಡೆ ಉರಿದುಹೋಗುತ್ತೆ. ಹಿಂದಿನಿಂದ ಒಬ್ಬಳು ಕಾಲು ಗಟ್ಟಿಯಾಗಿ ಹಿಡಿದಿರಬೇಕು. ಅದನ್ನು ನಮ್ಮ ಡಿಫೆಂಡರ್‌ಗಳಿಗೆ ಹೇಳಿಕೊಡಬೇಕಾ?

ಹೆಸರು ಹೇಳಲು ಬಿಟ್ಟುಹೋದವರು ಬೈದುಕೊಳ್ಳಬೇಡಿ. ಮೈಸೂರು ಟ್ರೈನಿನಲ್ಲಿ ನನ್ನ ಊರುಗೋಲು ನೋಡಿ ಸೀಟು ಬಿಟ್ಟವರ ಹೆಸರೇ ನನಗೆ ಗೊತ್ತಿಲ್ಲ. ಮಂಡ್ಯದ ಸ್ಟೇಡಿಯಂನಲ್ಲಿ ಬೆಳಿಗ್ಗೆ ಆರು ಗಂಟೆಗೆ ನಮ್ಮ ಅಭ್ಯಾಸ ಶುರುವಾಗುತ್ತೆ. ಕಬಡ್ಡಿ, ಖೋಖೋ, ವಾಲಿಬಾಲ್, ಯಾವ ಆಟ ಆಡುವ ಹುಡುಗಿಯರಾದರೂ ಮೊದಲ 20 ನಿಮಿಷ ನಮ್ಮ ಜೊತೆ ಸೇರಿಕೊಳ್ಳಬಹುದು ಅಂತ ಮೇಷ್ಟ್ರು ಹೇಳಿದ್ದಾರೆ. ದುಡ್ಡು ಕಾಸು ಏನೂ ಬೇಡ. ತಡವಾಗಿ ಬಂದರೆ ಮಾತ್ರ ಬೈಯ್ಯುತ್ತಾರೆ.