ನೈಲಾನ್ ಎಂದು ಮಾರಿದ ಕ್ಲಿಪ್ ನೀರಿನಲ್ಲಿ ತೇಲುತ್ತಿದೆ: ಡಬ್ಬಿ ವಾಪಸ್ ಪಡೆಯಬೇಕೆಂದು ದೂರು

ಇವರಿಂದ:
ಕಾರು ದುರಸ್ತಿ ಗ್ಯಾರೇಜ್, ಚಿಕ್ಕಮಗಳೂರು

ಇವರಿಗೆ:
ಗ್ರಾಹಕ ದೂರು ವಿಭಾಗದ ಮುಖ್ಯಸ್ಥರು

ವಿಷಯ: ಬಂಪರ್, ಅಂಡರ್ ಕವರ್ (ಎಂಜಿನ್ ಅಡಿಯ ಹಾಳೆ), ಡೋರ್ ಪ್ಯಾಡ್ (ಬಾಗಿಲಿನ ಒಳಹಲಗೆ) ಕ್ಲಿಪ್‌ಗಳ ಡಬ್ಬಿಯಲ್ಲಿ ತಪ್ಪು ಅಳತೆ, ತಪ್ಪು ಪ್ಲಾಸ್ಟಿಕ್ ಹಾಗೂ ಅಪಾಯ ತರುವಂಥ ತಪ್ಪು ಸೂಚನೆ ಇರುವ ಬಗ್ಗೆ.

ಮಾನ್ಯರೇ,

ತಮ್ಮ ಕಂಪನಿಯ ಕ್ಲಿಪ್ ಡಬ್ಬಿ ಮೂರನ್ನು ಜೂನ್ 9ರಂದು ಕೊಂಡಿದ್ದೇವೆ. ತೂತಿಗೆ ಇಳಿಸಿ ನಡುವಿನ ಪಿನ್ ಒತ್ತಿದರೆ ಕಾಲುಗಳು ಹರಡಿ ಕಾರಿನ ಭಾಗಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ ಇವು. ಮುಚ್ಚಳದ ಮೇಲೆ ‘ನೈಲಾನ್ 66’ ಎಂದಿದೆ, ಒಳಗಿನ ಖಾನೆಗಳ ಮೇಲೆ 6, 7, 8, 10 ಮಿ.ಮೀ. ಎಂದು ಅಚ್ಚಾಗಿದೆ. ಎರಡೂ ನಿಜವಲ್ಲ.

ಮೊದಲು ಪ್ಲಾಸ್ಟಿಕ್ಕಿನ ವಿಚಾರ. 8 ಮಿ.ಮೀ. ಖಾನೆಯಿಂದ ಇಪ್ಪತ್ತು ಕ್ಲಿಪ್ ತೆಗೆದು, ನಡುವಿನ ಪಿನ್ ಬೇರೆ ಮಾಡಿ ಬಕೆಟ್ ನೀರಿಗೆ ಹಾಕಿದೆವು. ಗಾಳಿಗುಳ್ಳೆ ಅಂಟಿಕೊಂಡಿರಬಾರದೆಂದು ನೀರಿನೊಳಗೇ ಅಲ್ಲಾಡಿಸಿಯೂ ಬಿಟ್ಟೆವು. ಇಪ್ಪತ್ತೂ ತೇಲಿದವು. ನೀರಿನ ಸಾಂದ್ರತೆ 1, ನೈಲಾನ್ 66ರದ್ದು ಸುಮಾರು 1.14, ಅದು ಮುಳುಗಲೇಬೇಕು. ತೇಲುವುದು 0.9ರ ಆಸುಪಾಸಿನ ಪಾಲಿಪ್ರೊಪಿಲೀನ್‌ನಂಥ ಪ್ಲಾಸ್ಟಿಕ್. ಕಾರಿನ ಜತೆಗೇ ಬಂದಿದ್ದ ಹಳೆಯ ಕ್ಲಿಪ್ ಒಂದನ್ನು ಅದೇ ಬಕೆಟ್ಟಿಗೆ ಹಾಕಿದರೆ ನೇರ ತಳ ಸೇರಿತು.

ಇದು ಬರೀ ಹೆಸರಿನ ತಕರಾರಲ್ಲ. ನೈಲಾನ್ 66 ಕರಗುವುದು ಸುಮಾರು 260 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಾಲಿಪ್ರೊಪಿಲೀನ್ 165ರ ಹತ್ತಿರ. ಕರಗುವ ಮಟ್ಟಕ್ಕೆ ಹೋಗುವುದೇ ಬೇಡ. ಎಂಜಿನ್ ಕೆಳಗಿನ ಕಾವಿನಲ್ಲಿ ಸದಾ ಎಳೆತ ಬಿದ್ದರೆ ಪಾಲಿಪ್ರೊಪಿಲೀನ್ ಕಾಲುಗಳು ನಿಧಾನಕ್ಕೆ ಮಣಿದು ಹಿಡಿತ ಬಿಡುತ್ತವೆ. ಚಾರ್ಮಾಡಿ ಘಾಟಿಯನ್ನು ಎರಡನೇ ಗೇರಿನಲ್ಲಿ ಹತ್ತುವ ಗಾಡಿಗೆ, ತೋಟದ ರಸ್ತೆಯಲ್ಲಿ ಹೊಟ್ಟೆಯಡಿ ಕೆಸರು ಹೊತ್ತು ಬರುವ ಗಾಡಿಗೆ ಈ ಎಳೆತ ದಿನನಿತ್ಯದ್ದು. ಅಂಡರ್ ಕವರ್‌ನ ಮುಂದಿನ ಅಂಚಿನಲ್ಲಿ ಒಂದು ಕ್ಲಿಪ್ ಬಿದ್ದರೆ ಸಾಕು, ಓಡುವಾಗ ಗಾಳಿ ಒಳನುಗ್ಗಿ ಇಡೀ ಹಾಳೆಯನ್ನು ಕೆಳಕ್ಕೆ ಬಗ್ಗಿಸುತ್ತದೆ. ಉಳಿದ ಕ್ಲಿಪ್‌ಗಳು ಒಂದರ ಹಿಂದೆ ಒಂದು ಕಿತ್ತುಕೊಳ್ಳುತ್ತವೆ, ಹಾಳೆ ರಸ್ತೆಗೆ ಉಜ್ಜುತ್ತದೆ. ಚಕ್ರದ ಮೇಲಿನ ಕಮಾನಿಗೆ ಒಳಗಿನಿಂದ ಹಾಕುವ ಲೈನರ್ ಹಾಳೆ ಸಡಿಲವಾದರಂತೂ ಟೈರಿಗೇ ತಾಗುತ್ತದೆ.

ಇನ್ನು ಅಳತೆ. 8 ಎಂದು ಬರೆದ ಖಾನೆಯ ಕಾಲುಗಳನ್ನು ವರ್ನಿಯರ್‌ನಲ್ಲಿ ಹಿಡಿದರೆ 7.1ರಿಂದ 7.6ರವರೆಗೆ ಒಂದೊಂದಕ್ಕೆ ಒಂದೊಂದು ಲೆಕ್ಕ ಬರುತ್ತಿದೆ. ಕ್ಲಿಪ್ ಬೆರಳಿನಲ್ಲಿ ಸಲೀಸಾಗಿ ತೂತಿಗೆ ಇಳಿಯಬೇಕು, ಪಿನ್ ಒತ್ತಿದ ಮೇಲೆ ಕಾಲುಗಳು ತೂತಿಗಿಂತ ಅಗಲಕ್ಕೆ ಹರಡಬೇಕು. 8 ಮಿ.ಮೀ. ತೂತು ಕೊರೆದ ತಗಡಿಗೆ ತಮ್ಮ ಕ್ಲಿಪ್ ಹಾಕಿ ಪಿನ್ ಪೂರ್ತಿ ಒತ್ತಿದರೂ, ಸಣ್ಣ ಕಾಲಿನವು ಎರಡು ಬೆರಳಿನ ಎಳೆತಕ್ಕೇ ಹೊರಗೆ ಬಂದವು. ಹಿಡಿತದ ದಪ್ಪವನ್ನು, ಅಂದರೆ ತಲೆಯ ಅಡಿಯಿಂದ ಕಾಲು ಹರಡುವ ಜಾಗದವರೆಗಿನ ಅಂತರವನ್ನು, ಡಬ್ಬಿಯಲ್ಲಿ ಎಲ್ಲಿಯೂ ಹೇಳಿಲ್ಲ. ಬಂಪರ್, ಲೈನರ್, ಬ್ರಾಕೆಟ್ ಮೂರೂ ಒಂದೇ ತೂತಿನಲ್ಲಿ ಸೇರುವ ಕಡೆ ಗಿಡ್ಡ ಕ್ಲಿಪ್ ಹಾಕಿದರೆ ಕಾಲುಗಳು ತೂತಿನ ಒಳಗೇ ಉಳಿಯುತ್ತವೆ. ಮೇಲಿನಿಂದ ನೋಡಿದರೆ ಸರಿಯಾಗಿ ಕೂತಂತೆಯೇ ಕಾಣುತ್ತದೆ. ಹಿಡಿದಿರುವುದಿಲ್ಲ.

ಡೋರ್ ಪ್ಯಾಡಿನ ಕ್ಲಿಪ್‌ಗೆ ಕುತ್ತಿಗೆಯ ಸುತ್ತ ಮೆತ್ತನೆಯ ಸೀಲ್ ಉಂಗುರ ಇರಬೇಕು. ಬಾಗಿಲಿನೊಳಗೆ ಇಳಿಯುವ ಮಳೆನೀರು ಕ್ಲಿಪ್ಪಿನ ತೂತಿನಿಂದ ಪ್ಯಾಡಿಗೆ ಬಾರದಂತೆ ತಡೆಯುವುದು ಅದೇ. ತಮ್ಮ ಡಬ್ಬಿಯ ಒಂದರಲ್ಲೂ ಅದಿಲ್ಲ. ಮಲೆನಾಡಿನ ಜುಲೈ ಮಳೆಗೆ ಪ್ಯಾಡಿನ ಹಲಗೆ ನೀರು ಕುಡಿದು ಉಬ್ಬುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಡಬ್ಬಿಯೊಳಗಿನ ಸೂಚನಾ ಚೀಟಿ. ಎಲ್ಲ ಕ್ಲಿಪ್‌ಗಳನ್ನೂ ‘ಇಕ್ಕಳದಿಂದ ಎಳೆಯಿರಿ’ ಎಂದು ಅದರಲ್ಲಿದೆ. ನಡುವಿನ ಪಿನ್ ಮೇಲೆತ್ತಿ ಬಿಚ್ಚುವ ಜಾತಿ ಬೇರೆ. ಅದಕ್ಕೆ ಕವಲು ತುದಿಯ ಟ್ರಿಮ್ ಸಲಾಕೆಯಿಂದ ಮೊದಲು ಪಿನ್ ಎಬ್ಬಿಸಿ, ಆಮೇಲೆ ತಲೆ ಎತ್ತಬೇಕು. ಪಿನ್ ಒಳಕ್ಕೆ ಒತ್ತಿ ಬಿಚ್ಚುವ ಜಾತಿ ಬೇರೆ. ಅದನ್ನು ಎರಡು ಮೂರು ಮಿ.ಮೀ. ಮಾತ್ರ ಒತ್ತಬೇಕು, ಹೆಚ್ಚು ಒತ್ತಿದರೆ ಪಿನ್ ಒಳಗೆ ಬಿದ್ದು ಹೋಗುತ್ತದೆ. ಸ್ಕ್ರೂ ತಲೆಯದು ಕೆಸರು ಕಚ್ಚಿಕೊಂಡು ಇಡಿಯಾಗಿ ಸುತ್ತುತ್ತಿದ್ದರೆ, ತಲೆಯಡಿ ಸಲಾಕೆ ಕೊಟ್ಟು ಮೆಲ್ಲಗೆ ಎತ್ತಿ ಹಿಡಿದು ತಿರುಗಿಸಬೇಕು. ಯಾವುದೇ ಆದರೂ ಬ್ರಷ್ ಹಾಕಿ ಮಣ್ಣು ತೊಳೆದೇ ಮುಟ್ಟಬೇಕು. ಚೀಟಿಯನ್ನು ನಂಬಿ ಎಳೆದರೆ ಮರುಬಳಕೆಗೆ ಬರುತ್ತಿದ್ದ ಒಳ್ಳೆಯ ಕ್ಲಿಪ್ಪೇ ಮುರಿಯುತ್ತದೆ.

ಅದೇ ಚೀಟಿಯಲ್ಲಿ ‘ಕ್ಲಿಪ್ ಸಾಲದಿದ್ದರೆ ತಗಡಿನ ಸ್ಕ್ರೂ ಬಳಸಿ’ ಎಂದೂ ಇದೆ. ಲೈನರ್ ಜಾಗದಲ್ಲಿ ಸ್ಕ್ರೂ ಬಣ್ಣ ಕೊರೆದು ತುಕ್ಕಿಗೆ ದಾರಿ ಮಾಡುತ್ತದೆ, ಉದ್ದವಾದರೆ ಮೊನೆ ಟೈರಿಗೋ ವೈರಿಂಗ್‌ಗೋ ತಾಗುತ್ತದೆ. ತಾತ್ಕಾಲಿಕಕ್ಕೆ ಅಂಡರ್ ಕವರ್ ಕಟ್ಟಲು ಕೇಬಲ್ ಟೈ ಸಾಕು. ಗಟ್ಟಿ ಬೇಕಾದಲ್ಲಿ ತಗಡಿನ ಅಂಚಿಗೆ ಸಿಕ್ಕಿಸುವ ಯು ನಟ್, ಎಂ6 ಬೋಲ್ಟು, ಅಗಲವಾದ ವಾಷರ್ ಹಾಕಬಹುದು. ಆದರೆ ಕಿಟಕಿಯ ಪಕ್ಕ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಯ ಪಿಲ್ಲರ್ ಟ್ರಿಮ್‌ಗೆ, ಅಂದರೆ ಛಾವಣಿ ಹೊತ್ತ ಕಂಬಗಳ ಒಳಹೊದಿಕೆಗೆ, ಈ ಯಾವ ಉಪಾಯವೂ ಸಲ್ಲದು. ಬ್ಯಾಗ್ ಬಿಚ್ಚಿಕೊಳ್ಳುವಾಗ ಟ್ರಿಮ್ ದಾರಿ ಬಿಡಬೇಕು, ಬಿಟ್ಟ ತುಂಡು ಪ್ರಯಾಣಿಕರ ಮೇಲೆ ಹಾರಬಾರದು. ಕೆಲವು ಗಾಡಿಗಳಲ್ಲಿ ಅದಕ್ಕೆಂದೇ ಬಾಲವಿರುವ ಕ್ಲಿಪ್ ಕೊಟ್ಟಿರುತ್ತಾರೆ. ಅಲ್ಲಿಗೆ ಆ ಮಾಡೆಲ್ಲಿನ ಭಾಗವೇ ಆಗಬೇಕು. ತಮ್ಮ ಡಬ್ಬಿಯ ಮೇಲೆ ‘ಪಿಲ್ಲರ್‌ಗೂ ಸೂಕ್ತ’ ಎಂದು ಬರೆದಿರುವುದನ್ನು ಇಂದೇ ಅಳಿಸಿ. ಇದು ಜೀವದ ಪ್ರಶ್ನೆ.

ಡಬ್ಬಿಯ ಮೇಲೆ ತಯಾರಾದ ತಿಂಗಳು, ವರ್ಷ ಇಲ್ಲ. ದೂರಿಗೆ ಫೋನ್ ಸಂಖ್ಯೆಯೂ ಇಲ್ಲ. 2011ರ ಪೊಟ್ಟಣ ಸರಕುಗಳ ನಿಯಮದಂತೆ ಇವೆಲ್ಲ ಇರಲೇಬೇಕು.

ಮೂರೂ ಡಬ್ಬಿ ವಾಪಸ್ ಪಡೆದು ಪೂರ್ತಿ ಹಣ ಹಿಂದಿರುಗಿಸಿ. ಈ ಸರಕನ್ನು ಜಿಲ್ಲೆಯ ಬೇರೆ ಅಂಗಡಿಗಳಿಂದಲೂ ತೆಗೆಸಿ. ಮುಂದೆ ಪ್ರತಿ ಖಾನೆಯ ಮೇಲೆ ತೂತಿನ ಅಳತೆ, ಹಿಡಿತದ ದಪ್ಪ, ತಲೆಯ ಅಗಲ, ನಿಜವಾದ ಪ್ಲಾಸ್ಟಿಕ್ಕಿನ ಹೆಸರು ಅಚ್ಚು ಮಾಡಿ. ಹದಿನೈದು ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಜಿಲ್ಲಾ ಗ್ರಾಹಕ ಆಯೋಗಕ್ಕೂ ದೂರು ಕೊಡುತ್ತೇವೆ. ಸ್ವಯಂ ಉದ್ಯೋಗದಿಂದ ಬದುಕುವವರು ಆ ಉದ್ಯೋಗಕ್ಕೆಂದು ಕೊಂಡ ಸರಕಿಗೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ ಎಂಬುದು ತಮ್ಮ ಗಮನದಲ್ಲಿರಲಿ.

ನೀರಿನಲ್ಲಿ ತೇಲಿದ ಇಪ್ಪತ್ತು ಕ್ಲಿಪ್‌ಗಳಲ್ಲಿ ಹತ್ತನ್ನು ಇದರ ಜತೆ ಕಳಿಸಿದ್ದೇವೆ, ಉಳಿದ ಹತ್ತು ನಮ್ಮಲ್ಲಿವೆ. ಬಿಲ್ಲಿನ ಪ್ರತಿ, ವರ್ನಿಯರ್ ಅಳತೆಯ ಫೋಟೊಗಳು, ಸೂಚನಾ ಚೀಟಿಯ ನಕಲು ಲಗತ್ತಿಸಿದೆ.

ಇಂತಿ ತಮ್ಮ ವಿಶ್ವಾಸಿಗಳು,
ಗ್ಯಾರೇಜಿನ ಮೆಕ್ಯಾನಿಕ್‌ಗಳು, ಚಿಕ್ಕಮಗಳೂರು