ಗಾಂಧಿಬಜಾರಿನಲ್ಲಿ ಬೋರ್ಡು ನೋಡಬೇಡಿ, ಹೊತ್ತು ನೋಡಿ

ಮಾನ್ಯ ಸಂಪಾದಕರೇ,

ಜೋಗಕ್ಕೆ ಹೊರಟವರಿಗಾಗಿ ಪ್ರವಾಸಿ ಪುರವಣಿಗಳಲ್ಲಿ ಶಿವಮೊಗ್ಗದ ಹೋಟೆಲುಗಳ ಪಟ್ಟಿ ಬರುತ್ತಿರುತ್ತದೆ. ಗಾಂಧಿಬಜಾರು, ಕೋಟೆ ರಸ್ತೆ, ದುರ್ಗಿಗುಡಿಯ ಮಟ್ಟಿಗೆ ಇಂಥ ಪಟ್ಟಿ ಬಹಳ ದಿನ ಬಾಳುವುದಿಲ್ಲ. ನಗರ 2016ರಲ್ಲಿ ಸ್ಮಾರ್ಟ್ ಸಿಟಿಗೆ ಆಯ್ಕೆಯಾದ ಮೇಲೆ ರಸ್ತೆ, ಫುಟ್‌ಪಾತುಗಳ ಚಹರೆಯೇ ಬದಲಾಗಿದೆ. ಬೋರ್ಡು ಹಳೆಯದು, ಅಡುಗೆಯವರು ಹೊಸಬರು ಎಂಬ ಕಡೆಯೂ ಉಂಟು. ಹೆಸರಿನ ಬದಲು ಯಾವ ತಿಂಡಿ, ಎಷ್ಟು ಹೊತ್ತಿಗೆ ಎಂದು ಬರೆದರೆ ಓದುಗರಿಗೆ ಉಪಯೋಗ.

ಕಡುಬನ್ನೇ ನೋಡಿ. ಒಂದು ಪಾವು ಅಕ್ಕಿ ತರಿಗೆ ಸುಮಾರು ಎರಡು ಪಾವು ನೀರು. ಕುದಿಯುವಾಗ ತರಿ ಸುರಿದು ಮುಚ್ಚಿ, ನೀರು ಹೀರಿದ ಮೇಲೆ ಒದ್ದೆ ಕೈಯಲ್ಲಿ ಉಂಡೆ ಕಟ್ಟಿ, ಹಬೆಯಲ್ಲಿ 15ರಿಂದ 20 ನಿಮಿಷ. ಇಳಿಸಿದ ಅರ್ಧ ಗಂಟೆಯೊಳಗೆ ತಿಂದರೆ ಬೆಣ್ಣೆ, ಆರಿದರೆ ಗುಂಡುಕಲ್ಲು. ಮೈಕ್ರೋವೇವಿನಲ್ಲಿ ಬಿಸಿ ಮಾಡಿದ್ದು ಹೊರಗೆ ಚರ್ಮ, ಒಳಗೆ ಹಿಟ್ಟು. ಆದ್ದರಿಂದ 'ಕಡುಬು ಇದೆಯಾ?' ಎನ್ನಬೇಡಿ, 'ಮುಂದಿನ ಒಬ್ಬೆ ಎಷ್ಟೊತ್ತಿಗೆ ಇಳಿಯುತ್ತೆ?' ಎಂದು ಕೇಳಿ. ಒಬ್ಬೆ ಎಂದರೆ ಒಂದು ಸಲಕ್ಕೆ ಬೇಯಿಸಿದಷ್ಟು. ಉತ್ತರ ತಡವರಿಸಿದರೆ ಕಾಫಿ ಕುಡಿದು ಎದ್ದುಬಿಡಿ. ಬೆಳಿಗ್ಗೆ 11ರ ನಂತರ ಕಡುಬಿನ ಆಸೆ ಬಿಡುವುದೇ ಲೇಸು.

'ಮಲೆನಾಡು ಶೈಲಿ' ಎಂಬ ಬೋರ್ಡಿನಡಿ ಈರುಳ್ಳಿ, ಸಬ್ಬಸಿಗೆ ಹಾಕಿ ಕಾವಲಿಯ ಮೇಲೆ ತಟ್ಟಿದ ರೊಟ್ಟಿ ಕೊಡುತ್ತಾರೆ. ರುಚಿಯೇನೋ ಇರುತ್ತದೆ, ಆದರೆ ಅದು ಬಯಲುಸೀಮೆಯದು. ನಮ್ಮದು ಉಕ್ಕರಿಸಿದ, ಅಂದರೆ ಕುದಿನೀರಿನಲ್ಲಿ ಬೇಯಿಸಿದ ಅಕ್ಕಿ ಹಿಟ್ಟಿನ, ಏನೂ ಬೆರೆಸದ, ತೆಳ್ಳಗೆ ಲಟ್ಟಿಸಿ ಕೆಂಡದ ಮೇಲೆ ಉಬ್ಬಿಸಿದ ಬಿಳಿ ರೊಟ್ಟಿ. ಹಿಟ್ಟು ಬಿಸಿಯಿರುವಾಗಲೇ ನಾದದಿದ್ದರೆ ಅಂಚು ಒಡೆಯುತ್ತದೆ. ಅಂಚು ನೋಡಿದರೆ ಅಡುಗೆಮನೆಯ ಅವಸರ ತಿಳಿಯುತ್ತದೆ.

ಉಳಿದದ್ದಕ್ಕೆ ಋತುವೇ ಗಡಿಯಾರ. ಕಳಲೆ, ಅಂದರೆ ಎಳೆ ಬಿದಿರು, ಮಳೆಗಾಲದ್ದು. ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿಟ್ಟು, ದಿನಾ ನೀರು ಬದಲಿಸದೆ ಅದರ ಕಹಿ, ವಿಷ ಹೋಗದು. ಡಿಸೆಂಬರಿನಲ್ಲಿ 'ಫ್ರೆಶ್ ಕಳಲೆ' ಎಂದರೆ ಉಪ್ಪುನೀರಿನ ಭರಣಿಯದೆಂದೇ ತಿಳಿಯಿರಿ. ಅದು ತಪ್ಪಲ್ಲ, ಫ್ರೆಶ್ ಅನ್ನುವುದು ತಪ್ಪು. ಕೆಸುವಿನೆಲೆಯ ಪತ್ರೊಡೆ ತಿಂದು ಗಂಟಲು ಕೆರೆದರೆ ಹುಣಸೆಹುಳಿ ಕಮ್ಮಿಯಾಗಿದೆ, ಇಲ್ಲವೇ ಹಬೆ ಸಾಲದು. ತಂಬುಳಿಯನ್ನು ಊಟದ ಹೊತ್ತಿಗೆ ಸರಿಯಾಗಿ ಮಜ್ಜಿಗೆ ಬೆರೆಸಿ ಕೊಡಬೇಕು, ಕುದಿಸುವ ಹಾಗಿಲ್ಲ. ಮೂರು ಗಂಟೆಗೆ ಹೋದರೆ ಬರೀ ಹುಳಿ. ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿಗೆ ಪರೀಕ್ಷೆ ಒಂದೇ: ಮಿಡಿ ಇಡಿಯಾಗಿರಬೇಕು, ಕಚ್ಚಿದಾಗ ಸೊನೆಯ ಪರಿಮಳ ಮೂಗಿಗೇರಬೇಕು. ಮೇಲೆ ಎಣ್ಣೆ ತೇಲುತ್ತಿದ್ದರೆ ಅದರ ವಂಶವೇ ಬೇರೆ.

ಕೋಳಿಸಾರಿಗೆ ಸೋಮವಾರ, ಶನಿವಾರ ಬೇಡ. ಹಲವು ಮನೆಗಳಲ್ಲಿ ಅಂದು ಮಾಂಸ ತಿನ್ನುವುದಿಲ್ಲ, ವ್ಯಾಪಾರ ಮಂದ, ಹಿಂದಿನ ದಿನದ ಸಾರು ಒಲೆಗೇರುವ ಸಂಭವ ಹೆಚ್ಚು. ಸಂಜೆಯ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗೆ ಯಾರ ಶಿಫಾರಸೂ ಬೇಕಿಲ್ಲ. ಬಾಣಲೆಯ ಎಣ್ಣೆ ಕಪ್ಪಾಗಿ ನೊರೆ ಕಟ್ಟಿದ್ದರೆ ಮುಂದಿನ ಗಾಡಿಗೆ ಹೋಗಿ.

ನಗರಪಾಲಿಕೆಗೂ ಒಂದು ಕೋರಿಕೆ. 14 ಅಂಕಿಯ ಆಹಾರ ಪರವಾನಗಿ ಸಂಖ್ಯೆಯನ್ನು ಹೋಟೆಲುಗಳು ಗೋಡೆಗೆ ಹಾಕಲೇಬೇಕು, ಸರಿ. ಅದರ ಪಕ್ಕದಲ್ಲೇ ಯಾವ ತಿಂಡಿ ಎಷ್ಟರಿಂದ ಎಷ್ಟರವರೆಗೆ ಎಂಬ ಒಂದು ಹಲಗೆ ಹಾಕಿಸಲಿ. ಬಸ್ ನಿಲ್ದಾಣದಿಂದ ಬಜಾರಿಗೆ ನಡೆದೇ ಬರಬಹುದು, ಕಾರಿನವರು ಬಿ.ಎಚ್. ರಸ್ತೆಯ ಆಚೀಚೆ ನಿಲ್ಲಿಸಿ ಬರಲಿ, ಒಳಗೆ ಜಾಗ ಹುಡುಕುವಷ್ಟರಲ್ಲಿ ಒಂದು ಒಬ್ಬೆ ಮುಗಿದಿರುತ್ತದೆ. ರೊಟ್ಟಿ ಪಾರ್ಸೆಲ್ ಬೇಕಾದರೆ ಪ್ಲಾಸ್ಟಿಕ್ ಡಬ್ಬಿ ಬೇಡವೆನ್ನಿ. ಒಳಗಿನ ಹಬೆ ನೀರಾಗಿ ರೊಟ್ಟಿ ಮುದ್ದೆಯಾಗುತ್ತದೆ, ಬಾಳೆಲೆಯಲ್ಲಿ ಸುತ್ತಿಸಿಕೊಂಡರೆ ಸಾಗರದವರೆಗೂ ತಡೆಯುತ್ತದೆ.

– ಕೆಲವು ಓದುಗರು, ಕೋಟೆ ರಸ್ತೆ, ಶಿವಮೊಗ್ಗ